ಹದಿನೈದನೆಯವನು

ಎಂಟು ತಿಂಗಳಿನಿಂದ ಡಾಕ್ಟರ್ ಶೈಲಜಾ ಪ್ರತಿ ಭಾನುವಾರ ಹದಿನೈದು ಜನ ಗಂಡಸರ ಕೆಸರು ಬಟ್ಟೆ ಒಗೆಯುತ್ತಿದ್ದಳು. ಅವರಲ್ಲಿ ಹದಿನಾಲ್ಕು ಜನ ಅವಳಿಗೆ ಏನೂ ಆಗಬೇಕಾದವರಲ್ಲ. ಹದಿನೈದನೆಯವನು ತಾಳಿ ಕಟ್ಟಿದ ಗಂಡ. ವಾಷಿಂಗ್ ಮೆಷೀನಿಗೆ ಒಂದು ಸಲಕ್ಕೆ ಐದೇ ಜೆರ್ಸಿ ಹಿಡಿಸುತ್ತಿದ್ದವು. ಆರನೆಯದನ್ನು ತುರುಕಿದರೆ ಅದು ಗಡಗಡ ನಡುಗುತ್ತ ಗರಾಜಿನ ಅರ್ಧದವರೆಗೆ ನಡೆದುಬರುತ್ತಿತ್ತು. ಹೀಗಾಗಿ ಮೂರು ಸುತ್ತು. ವಾರದ ಐದು ದಿನ ಕ್ಲಿನಿಕ್ಕಿನಲ್ಲಿ ದಿನಕ್ಕೆ ಮೂವತ್ತು ರೋಗಿಗಳು, ಶನಿವಾರ ಮೈದಾನದ ಅಂಚಿನಲ್ಲಿ ಮಳೆ, ಭಾನುವಾರ ಈ ಕೆಸರು. ‘ಅಮೆರಿಕಾದಲ್ಲಿ ಕೈಗೊಂದು ಕಾಲಿಗೊಂದು ಮೆಷೀನಂತೆ, ಪುಣ್ಯವಂತೆ ಕಣೇ ನೀನು’ ಎಂದು ಮೈಸೂರಿನಿಂದ ಅಕ್ಕ ಪ್ರಭಾ ಕಾಗದ ಬರೆಯುತ್ತಿದ್ದಳು. ಶೈಲಜಾ ಉತ್ತರದಲ್ಲಿ ಹವಾಮಾನದ ಬಗ್ಗೆ ಬರೆಯುತ್ತಿದ್ದಳು.

ಆಟದ ಹೆಸರು ರಗ್ಬಿ. ಈ ಕಡೆ ಹದಿನೈದು ಜನ, ಆ ಕಡೆ ಹದಿನೈದು ಜನ, ನಡುವೆ ಕೋಳಿಮೊಟ್ಟೆಯ ಆಕಾರದ ಒಂದು ಚೆಂಡು. ಚೆಂಡು ಹಿಡಿದವನನ್ನು ಉಳಿದವರು ಕೆಡವುತ್ತಾರೆ, ಬಿದ್ದವನ ಮೇಲೆ ಇನ್ನಷ್ಟು ಜನ ಬೀಳುತ್ತಾರೆ. ಅಷ್ಟರಲ್ಲಿ ಚೆಂಡು ಎಲ್ಲೋ ಹೋಗಿರುತ್ತದೆ. ಇದಕ್ಕೆ ನಿಯಮಗಳಿವೆಯೆಂದು ನಂಬಲು ಶೈಲಜಾಳಿಗೆ ಎರಡು ವರ್ಷ ಹಿಡಿಯಿತು. ಗಂಡ ಗುರುಪ್ರಸಾದ ಹುಟ್ಟಿ ಬೆಳೆದ ಚಾಮುಂಡಿಪುರದಲ್ಲಿ ಈ ಆಟದ ಹೆಸರು ಕೇಳಿದವರೇ ಇರಲಿಲ್ಲ. ಅಲ್ಲಿದ್ದಾಗ ಅವನು ಓಡಿದ್ದು ಬಸ್ಸು ಹಿಡಿಯಲು ಮಾತ್ರ. ಬರ್ಕ್ಲಿಗೆ ಎಂ.ಎಸ್. ಓದಲು ಬಂದವನನ್ನು ರೂಮಿನ ಗೆಳೆಯನೊಬ್ಬ ಒಂದು ದಿನ ‘ಒಬ್ಬ ಕಮ್ಮಿ ಇದಾನೆ, ಸುಮ್ಮನೆ ಬಂದು ನಿಂತ್ಕೋ’ ಎಂದು ಕರೆದುಕೊಂಡು ಹೋದ. ಸುಮ್ಮನೆ ನಿಂತವನ ಮೂಗು ಮುರಿಯಿತು, ಮುರಿದ ಮೂಗಿನಲ್ಲೇ ಗುರುಪ್ರಸಾದ ಆಟಕ್ಕೆ ಮರುಳಾದ. ಕೆಲವರಿಗೆ ಕುಡಿತ ಹೀಗೆಯೇ ಅಂಟಿಕೊಳ್ಳುತ್ತದೆ.

ಅವರ ಕ್ಲಬ್ಬು ಇದ್ದದ್ದು ಆಲ್ಡರ್ ಕ್ರೀಕಿನಲ್ಲಿ. ಲಿವರ್ಮೋರಿನಿಂದ ಆಚೆ, ಗುಡ್ಡಗಳ ನಡುವೆ, ದನದ ಮೇವಿನ ಒಂದು ಅಂಗಡಿ, ಒಂದು ಪೋಸ್ಟಾಫೀಸು, ನಾಲ್ಕೈದು ಡೈರಿಗಳು ಇರುವ ಹಳ್ಳಿ. ಇಪ್ಪತ್ತಾರು ವರ್ಷದ ಹಿಂದೆ ಕುರಿ ಉಣ್ಣೆ ಕತ್ತರಿಸಲು ಬಂದಿದ್ದ ನ್ಯೂಜಿಲೆಂಡಿನವನೊಬ್ಬ ಅಲ್ಲಿನ ರೈತರಿಗೆ ಈ ಹುಚ್ಚು ಹತ್ತಿಸಿ ಹೋಗಿದ್ದ. ಒಂದು ಕಾಲದಲ್ಲಿ ಊರಿನ ಗಂಡಸರೆಲ್ಲ ಆಡುತ್ತಿದ್ದರಂತೆ. ಎಂಬತ್ಮೂರರ ಬೇಸಿಗೆಯಲ್ಲಿ ಕೋಚು ಮೆನ್ಲೋ ಪಾರ್ಕಿನ ಕಡೆಯ ದೊಡ್ಡ ಕ್ಲಬ್ಬೊಂದಕ್ಕೆ ಹೊರಟುಹೋದ. ಅಲ್ಲಿ ದೀಪದ ಕಂಬಗಳಿದ್ದವು, ಬಿಸಿನೀರಿನ ಷವರಿತ್ತು. ಹೋಗುವಾಗ ಹದಿಮೂರು ಜನರನ್ನು ಜೊತೆಗೆ ಕರೆದುಕೊಂಡು ಹೋದ. ಮೇವಿನ ಅಂಗಡಿಯಲ್ಲಿ ಉಳಿದವರ ಮೀಟಿಂಗು ನಡೆಯಿತು. ಹೊಸದಾಗಿ ತಂಡ ಕಟ್ಟುವವರು ಯಾರೆಂದು ಕೇಳಿದಾಗ ಎಂಟು ಜನ ನೆಲ ನೋಡಿದರು, ಗುರುಪ್ರಸಾದ ಕೈ ಎತ್ತಿದ. ಮನೆಗೆ ಬಂದು ಅವನು ಹೇಳಿದ್ದು ಇಷ್ಟೇ: “ಯಾರಾದ್ರೂ ಒಬ್ರು ಮಾಡ್ಬೇಕಲ್ಲ ಶೈಲೂ.” ಆಗ ಅವನಿಗೆ ಮೂವತ್ತೇಳು ವರ್ಷ. ಫ್ರೀಮಾಂಟಿನಲ್ಲಿ ಹಗಲೆಲ್ಲ ಎಂಜಿನಿಯರ್ ಕೆಲಸ, ಮೊಣಕಾಲಲ್ಲಿ ನೀರು, ಮಾಡಲು ಬೇರೆ ಕೆಲಸವಿಲ್ಲದವನಂತೆ ಈ ಹೊರೆ.

ಅಂದಿನಿಂದ ಫೋನು ಅವನ ಕಿವಿ ಬಿಟ್ಟು ಕೆಳಗಿಳಿಯಲಿಲ್ಲ. ಹುಲ್ಲಿನ ಲಾರಿ ಓಡಿಸುವ ಡೆನಿಸ್‌ನನ್ನು ಗಂಟು ಹಾಕಿಕೊಂಡ. ಮೇವಿನ ಅಂಗಡಿಯ ಹಾರ್ಲನ್ ಮೊದಲೇ ಇದ್ದ. ಊರಿನ ದನದ ಡಾಕ್ಟರು, ಡೈರಿಯ ಅಣ್ಣ ತಮ್ಮಂದಿರು ಇಬ್ಬರು, ಆಲ್ಟಮಾಂಟ್ ಗುಡ್ಡದ ಮೇಲೆ ಹೊಸದಾಗಿ ಗಾಳಿಯಂತ್ರ ನಿಲ್ಲಿಸುತ್ತಿದ್ದ ಮೂವರು ಕೂಲಿಗಳು, ಹೀಗೆ ಒಬ್ಬೊಬ್ಬರನ್ನೇ ಹೆಕ್ಕಿ ತಂದ. ಫಾಸ್ಟರ್ ಸಿಟಿಯಲ್ಲಿದ್ದ ಗೆಳೆಯ ಅನಂತಪದ್ಮನಾಭನನ್ನೂ ಬಿಡಲಿಲ್ಲ. ಕನ್ನಡ ಕೂಟದಲ್ಲಿ ಹಾರ್ಮೋನಿಯಂ ನುಡಿಸುವ ಆ ಮನುಷ್ಯ ಬಿಳಿ ಕ್ಯಾನ್ವಾಸ್ ಷೂ ಹಾಕಿಕೊಂಡು ಒಂದೇ ಒಂದು ಪ್ರಾಕ್ಟೀಸಿಗೆ ಬಂದ. ಮೊದಲ ಡಿಕ್ಕಿಗೇ ಭುಜ ಕಳಚಿತು. ಶೈಲಜಾ ಅಲ್ಲೇ ಹುಲ್ಲಿನ ಮೇಲೆ ಅದನ್ನು ಕೂರಿಸಿದಳು, ಅವನ ಹೆಂಡತಿ ಅಂದಿನಿಂದ ಇವರ ಫೋನು ಎತ್ತುವುದನ್ನು ಬಿಟ್ಟಳು.

ಇಷ್ಟು ಕಷ್ಟಪಟ್ಟರೂ ಹದಿನೈದು ಜನ ಸೇರುತ್ತಿದ್ದದ್ದು ಕೂದಲೆಳೆಯಲ್ಲಿ. ಲೀಗಿನ ನಿಯಮ ಕಟ್ಟುನಿಟ್ಟು: ಸ್ವಂತ ಆಟಗಾರರು ಹದಿನೈದು ಇಲ್ಲದೆ ಆಟ ಶುರು ಮಾಡಿದರೆ ಪಂದ್ಯ ಬಿಟ್ಟುಕೊಟ್ಟಂತೆ. ಒಂದು ವರ್ಷದಲ್ಲಿ ಮೂರು ಸಲ ಬಿಟ್ಟುಕೊಟ್ಟರೆ ಲೀಗಿನಿಂದ ಹೆಸರು ಕಿತ್ತುಹಾಕುತ್ತಾರೆ. ಜನವರಿಯಲ್ಲಿ ಫ್ಲೂ ಬಂದು ಒಂದು ಸಲ ಆಯಿತು, ಫೆಬ್ರುವರಿಯಲ್ಲಿ ಡೈರಿಯ ಅಣ್ಣ ತಮ್ಮಂದಿರು ಹಸು ಈಯುತ್ತದೆಂದು ಬಾರದೆ ಇನ್ನೊಂದು ಸಲ ಆಯಿತು. ಮೂರನೆಯದು ಆದರೆ ಕ್ಲಬ್ಬು ಮುಗಿದಂತೆ. ಲೀಗಿನಲ್ಲಿ ಹೆಸರಿರುವವರೆಗೆ ಮಾತ್ರ ಮೈದಾನ ಕ್ಲಬ್ಬಿನದು ಎಂದು ಹಳೆಯ ಯಜಮಾನ ಬರೆದುಕೊಟ್ಟಿದ್ದ. ಅವನ ಮಗ ಆ ಜಾಗವನ್ನು ಮನೆ ಕಟ್ಟುವವರಿಗೆ ಕೊಡಲು ತುದಿಗಾಲಲ್ಲಿ ನಿಂತಿದ್ದ.

ಇಂಥ ತಂಡ ಗೆಲ್ಲುವ ಮಾತೆಲ್ಲಿ ಬಂತು? ಸೋತರು, ಸೋತರು, ಮತ್ತೆ ಸೋತರು. ಅವರ ಹತ್ತಿರ ಇದ್ದ ಒಂದೇ ಒಂದು ಅಸ್ತ್ರ ಕನ್ನಡ. ಚೆಂಡು ಗೆರೆಯಾಚೆ ಹೋದಾಗ ಎರಡೂ ತಂಡದವರು ಎದುರುಬದುರು ಸಾಲಾಗಿ ನಿಲ್ಲುತ್ತಾರೆ, ಹೊರಗಿನಿಂದ ಒಬ್ಬ ಸಾಲುಗಳ ನಡುವೆ ಚೆಂಡು ಎಸೆಯುತ್ತಾನೆ. ಯಾರ ತಲೆಯ ಮೇಲಕ್ಕೆ ಎಸೆಯುತ್ತಾನೆ ಎನ್ನುವುದನ್ನು ತಮ್ಮವರಿಗೆ ಮಾತ್ರ ತಿಳಿಯುವಂತೆ ನಾಯಕ ಗುಟ್ಟಿನ ಮಾತಿನಲ್ಲಿ ಕೂಗಬೇಕು. ಬೇರೆ ತಂಡಗಳು ಅಂಕಿ, ಅಕ್ಷರ ಬಳಸುತ್ತಿದ್ದವು, ಎದುರಾಳಿಗಳು ಅರ್ಧ ಗಂಟೆಯಲ್ಲಿ ಪತ್ತೆ ಹಚ್ಚುತ್ತಿದ್ದರು. ಗುರುಪ್ರಸಾದ ತನ್ನವರಿಗೆ ಊಟದ ಎಲೆಯ ಕ್ರಮ ಕಲಿಸಿದ. ಸಾರು ಎಂದರೆ ಮುಂದಿನವನಿಗೆ, ಹುಳಿ ಎಂದರೆ ನಡುವಿನವನಿಗೆ, ಮಜ್ಜಿಗೆ ಎಂದರೆ ಕೊನೆಯವನಿಗೆ. ಆರಡಿ ನಾಲ್ಕಂಗುಲದ ಹಾರ್ಲನ್ ಪಂದ್ಯದ ಹಿಂದಿನ ದಿನ ಅಂಗಡಿಯಲ್ಲಿ ಮೇವಿನ ಮೂಟೆ ಎತ್ತುತ್ತ ‘ಸಾರು, ಹುಲಿ, ಮಜಿಗೆ’ ಎಂದು ಬಾಯಿಪಾಠ ಮಾಡುವುದನ್ನು ಕೇಳಿ ಶೈಲಜಾ ನಕ್ಕಿದ್ದಳು. ಆ ಎಂಟು ತಿಂಗಳಲ್ಲಿ ಅವಳು ನಕ್ಕದ್ದು ಅಪರೂಪ.

ಮಾರ್ಚ್ ಕೊನೆಯ ಶನಿವಾರ. ಇದಾದರೆ ಇನ್ನೊಂದೇ ಪಂದ್ಯ ಉಳಿದಿತ್ತು. ಆ ದಿನ ಆಲ್ಡರ್ ಕ್ರೀಕ್‌ನವರು ಯಾಕೋ ಚೆನ್ನಾಗಿ ಆಡುತ್ತಿದ್ದರು, ಮೂರೇ ಅಂಕದ ಹಿಂದಿದ್ದರು. ಶೈಲಜಾ ಎಂದಿನಂತೆ ಔಷಧಿಯ ಚೀಲ ಹಿಡಿದು ಗೆರೆಯ ಬಳಿ ನಿಂತಿದ್ದಳು. ಎದುರು ತಂಡದ ದಾಂಡಿಗನೊಬ್ಬನನ್ನು ಕೆಡವಲು ಗುರುಪ್ರಸಾದ ಅವನ ಕಾಲಿಗೆ ಬಿದ್ದ, ಆ ದಾಂಡಿಗನ ಮೊಣಕಾಲು ಇವನ ಕಪಾಲಕ್ಕೆ ಬಡಿಯಿತು. ಜನ ಗುಂಪಾಗಿದ್ದರಿಂದ ಬೇರೆ ಯಾರೂ ನೋಡಲಿಲ್ಲ. ಅವನು ತಾನೇ ಎದ್ದ, ಮೈ ಕೊಡವಿಕೊಂಡ. ಚೆಂಡು ಗೆರೆಯಾಚೆ ಹೋಗಿತ್ತು. ಅವಳ ಕಣ್ಣೆದುರೇ ಎರಡು ಸಾಲು ನಿಂತವು, ಡೆನಿಸ್ ಚೆಂಡು ಹಿಡಿದು ಮಾತಿಗಾಗಿ ಕಾದ.

ಗುರುಪ್ರಸಾದ ಸುತ್ತ ನೋಡಿ ದೊಡ್ಡ ದನಿಯಲ್ಲಿ ಕೇಳಿದ: “ಬೀಗದಕೈ ಯಾರ ಹತ್ರ ಇದೆ?”

ಡೆನಿಸ್ ಕಣ್ಣು ಕಣ್ಣು ಬಿಟ್ಟ.

“ಬೀಗದಕೈ! ಯಾರ ಹತ್ರ ಇದೆ ಬೀಗದಕೈ?”

ಸಾರೂ ಅಲ್ಲ, ಹುಳಿಯೂ ಅಲ್ಲ. ಇದೇನೋ ನಾಯಕ ಗುಟ್ಟಾಗಿಟ್ಟ ಹೊಸ ತಂತ್ರವಿರಬೇಕೆಂದು ಡೆನಿಸ್ ಚೆಂಡನ್ನು ತೋಳಲ್ಲಿದ್ದ ಶಕ್ತಿಯೆಲ್ಲ ಹಾಕಿ ಎಲ್ಲರ ತಲೆಯ ಮೇಲಿಂದ ಆಚೆಗೆ ಎಸೆದುಬಿಟ್ಟ. ಹಾರ್ಲನ್ ಒಂದು ಕಡೆ ಹಾರಿದ, ದನದ ಡಾಕ್ಟರು ಇನ್ನೊಂದು ಕಡೆ ಹಾರಿದರು, ಅವರನ್ನು ನೋಡಿ ಎದುರಾಳಿಗಳೂ ಹಾರಿದರು. ಚೆಂಡು ಯಾರೂ ಇಲ್ಲದ ಹುಲ್ಲಿನ ಮೇಲೆ ಬಿತ್ತು. ಗಾಳಿಯಂತ್ರದ ಕೂಲಿಯೊಬ್ಬ ಅದನ್ನೆತ್ತಿಕೊಂಡು ಓಡಿ ಎದುರಾಳಿಗಳ ಕೊನೆಯ ಗೆರೆಯಾಚೆ ನೆಲಕ್ಕೆ ಊರಿದ. ನಾಲ್ಕು ಅಂಕ. ಆಲ್ಡರ್ ಕ್ರೀಕ್ ಒಂದು ಅಂಕ ಮುಂದಾಯಿತು.

ಎಲ್ಲರೂ ಕುಣಿಯುತ್ತಿರುವಾಗ ಗುರುಪ್ರಸಾದ ನಿಧಾನವಾಗಿ ನಡೆದು ಹೆಂಡತಿಯ ಹತ್ತಿರ ಬಂದ. “ಶೈಲೂ, ಬೀಗದಕೈ ನಿನ್ನ ಹತ್ರ ಇದೆಯಾ? ಅಪ್ಪ ಬರೋ ಹೊತ್ತಾಯ್ತು, ಬಾಗಿಲಲ್ಲೇ ನಿಂತಿರ್ತಾರೆ.”

ಅವನ ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು.

ಅವಳು ಮಾಡಬೇಕಾದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈ ಎತ್ತಿ ರೆಫರಿಯನ್ನು ಕರೆಯಬೇಕು, ಗಂಡನನ್ನು ಹೊರಗೆ ಕೂರಿಸಬೇಕು. ಅವನ ಬದಲಿಗೆ ಇಳಿಯಲು ಇನ್ನೊಬ್ಬನಿಲ್ಲ. ಹದಿನಾಲ್ಕು ಜನ ಒಂದು ಅಂಕವನ್ನು ಉಳಿಸಿಕೊಳ್ಳುವುದು ಆಗದ ಮಾತು. ಉಳಿದಿದ್ದದ್ದು ಎಂಟು ನಿಮಿಷ. ಶೈಲಜಾ ಹಾರ್ಲನ್‌ನ ಮುಖ ನೋಡಿದಳು, ಕೆಸರು ಮೆತ್ತಿದ ಅಣ್ಣ ತಮ್ಮಂದಿರನ್ನು ನೋಡಿದಳು. ಮೇಲೆದ್ದಿದ್ದ ಕೈ ತಾನಾಗಿ ಕೆಳಗಿಳಿಯಿತು.

“ನನ್ನ ಹತ್ರಾನೇ ಇದೆ,” ಎಂದಳು. “ನೀವು ಎಲ್ಲರಿಗಿಂತ ಹಿಂದೆ ಹೋಗಿ ನಿಂತ್ಕೊಳಿ. ಯಾರನ್ನೂ ಮುಟ್ಟಬೇಡಿ, ಯಾರೂ ಮುಟ್ಟೋಕೆ ಬಿಡಬೇಡಿ.”

ಅವನು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಹೋಗಿ ನಿಂತ. ಎಂಟು ನಿಮಿಷ ಅವಳು ಅವನೊಬ್ಬನನ್ನೇ ನೋಡಿದಳು, ಕೈಗಡಿಯಾರ ನೋಡಿದಳು, ಮತ್ತೆ ಅವನನ್ನು ನೋಡಿದಳು. ಸೀಟಿ ಊದಿತು. ಹದಿಮೂರಕ್ಕೆ ಹನ್ನೆರಡು. ಅದು ಆ ವರ್ಷದ ಮೊದಲ ಗೆಲುವು. ಹಾರ್ಲನ್ ಗುರುಪ್ರಸಾದನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದ. “ಬೀಗಡಕಾಯ್! ಬೀಗಡಕಾಯ್!” ಎಂದು ಹದಿನಾಲ್ಕು ಗಂಟಲುಗಳು ಕೂಗಿದವು. ಶೈಲಜಾ ನಗುತ್ತಿದ್ದಳು, ಒಳಗೊಳಗೆ ಬೆವರುತ್ತಿದ್ದಳು.

ಭಾನುವಾರ ಅವಳು ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗಿ ತಲೆಯ ಸ್ಕ್ಯಾನು ಮಾಡಿಸಿದಳು. ರಕ್ತಸ್ರಾವವಿರಲಿಲ್ಲ. ಅಲ್ಲಿಗೆ ಗುರುಪ್ರಸಾದನ ಪಾಲಿಗೆ ವಿಷಯ ಮುಗಿಯಿತು. ನಿಜ ಹೇಳಬೇಕೆಂದರೆ ಪೆಟ್ಟು ಬಿದ್ದಾಗಿನಿಂದ ಷವರಿನ ಕೆಳಗೆ ನಿಲ್ಲುವವರೆಗೆ ಅವನಿಗೆ ಏನೂ ನೆನಪಿರಲಿಲ್ಲ. ಎಲ್ಲರೂ ಹೊಸ ತಂತ್ರವನ್ನು ಹೊಗಳುತ್ತಿದ್ದಾಗ ಅದು ತನ್ನದೇ ಎಂದು ನಂಬಿ ಬೀಗಿದ. ಮೇವಿನ ಅಂಗಡಿಯ ಕರಿಹಲಗೆಯ ಮೇಲೆ ಯಾರೋ ಆ ಪದವನ್ನು ತಪ್ಪುತಪ್ಪಾಗಿ ದೊಡ್ಡಕ್ಷರದಲ್ಲಿ ಬರೆದಿದ್ದರು. ಆದರೆ ಸೋಮವಾರ ಅವನು ಮೋಡ ಕವಿದ ದಿನವೂ ಕಪ್ಪು ಕನ್ನಡಕ ಹಾಕಿಕೊಂಡು ಆಫೀಸಿಗೆ ಹೋದ. ಮಂಗಳವಾರ ಪೇಪರು ಹಿಡಿದು ಒಂದೇ ಪುಟದಲ್ಲಿ ಅರ್ಧ ಗಂಟೆ ಕುಳಿತ. ಬುಧವಾರ ಕುಕ್ಕರ್ ಕೂಗಿದ್ದಕ್ಕೆ ರೇಗಿದ. ಇಷ್ಟು ವರ್ಷದಲ್ಲಿ ಕುಕ್ಕರಿನ ಮೇಲೆ ರೇಗದ ಮನುಷ್ಯ. ಶೈಲಜಾ ಒಂದೊಂದನ್ನೂ ನೋಡಿದಳು, ನೋಡಿ ಸುಮ್ಮನಿದ್ದಳು.

ಪ್ರತಿ ಪಂದ್ಯಕ್ಕೂ ಮುಂಚೆ ಹದಿನೈದು ಹೆಸರುಗಳ ಪಟ್ಟಿಯೊಂದನ್ನು ಲೀಗಿಗೆ ಕೊಡಬೇಕು. ಎಲ್ಲರೂ ಆಡಲು ಯೋಗ್ಯರು ಎಂದು ಕೆಳಗೆ ಕ್ಲಬ್ಬಿನ ಡಾಕ್ಟರ ಸಹಿ ಇರಬೇಕು. ಶೈಲಜಾ ಅದಕ್ಕೆ ಎಂದೂ ಕಣ್ಣು ಹಾಯಿಸದೆ, ಒಗ್ಗರಣೆಯ ನಡುವೆ ಸಹಿ ಹಾಕುತ್ತಿದ್ದವಳು. ಗುರುವಾರ ಸಂಜೆ ಗುರುಪ್ರಸಾದ ಪಟ್ಟಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ.

“ಇಲ್ಲೊಂದು ಸೈನ್ ಹಾಕ್ಬಿಡು.”

“ನಿಮ್ಮ ಹೆಸರು ತೆಗೀರಿ, ಹಾಕ್ತೀನಿ.”

ತಮಾಷೆಯೆಂದುಕೊಂಡು ಅವನು ನಕ್ಕ. ಅವಳು ನಗಲಿಲ್ಲ.

“ಸ್ಕ್ಯಾನು ಕ್ಲೀನಾಗಿದೆ ಅಂತ ನೀನೇ ಹೇಳಿದ್ದಲ್ಲ?”

“ಫೋಟೋ ಕ್ಲೀನಾಗಿದೆ. ತಲೆ ಕ್ಲೀನಾಗಿದೆ ಅಂತ ಯಾರು ಹೇಳಿದ್ರು? ತಲೆಗೆ ಪೆಟ್ಟಾಗಿ ಮಂಕಾದೋರು ಮೂರು ವಾರ ಆಡಬಾರದು. ನಿಮ್ಮ ಲೀಗಿನದೇ ರೂಲು ಅದು. ಮೊದಲನೇ ಪೆಟ್ಟು ಆರೋಕೆ ಮುಂಚೆ ಇನ್ನೊಂದು ಬಿತ್ತು ಅಂದ್ರೆ ಅಲ್ಲೇ ಸತ್ತಿರೋರು ಇದಾರೆ.”

“ನಾನೆಲ್ಲಿ ಮಂಕಾಗಿದ್ದೆ? ಪೆಟ್ಟು ಬಿದ್ಮೇಲೂ ಹೊಸಾ ಕಾಲ್ ಕೊಟ್ಟು ಮ್ಯಾಚ್ ಗೆಲ್ಲಿಸ್ಲಿಲ್ವಾ?”

ಶೈಲಜಾ ಸ್ಟವ್ ಆರಿಸಿದಳು. ಎದುರಿನ ಕುರ್ಚಿ ಎಳೆದು ಕುಳಿತಳು. “ಅದು ಕಾಲ್ ಅಲ್ಲ ರೀ. ನೀವು ಬೀಗದಕೈ ಹುಡುಕ್ತಿದ್ರಿ. ಚಾಮುಂಡಿಪುರದ ಮನೇದು. ನನ್ನ ಹತ್ರ ಬಂದು, ಅಪ್ಪ ಬಾಗಿಲಲ್ಲಿ ನಿಂತಿರ್ತಾರೆ ಅಂದ್ರಿ.”

ಗುರುಪ್ರಸಾದ ಪಟ್ಟಿಯ ಅಂಚನ್ನು ಮಡಿಸಿದ, ಬಿಡಿಸಿದ. ಅವನಿಗೆ ಅವಮಾನವಾಗಿತ್ತು, ಭಯವೂ ಆಗಿತ್ತು. ಗಂಡಸಿಗೆ ಇವೆರಡೂ ಒಟ್ಟಿಗೆ ಆದಾಗ ಅದು ಹೊರಗೆ ಬರುವುದು ಸಿಟ್ಟಾಗಿಯೇ.

“ಹದಿನಾಲ್ಕು ಜನ ಆದ್ರೆ ಏನಾಗುತ್ತೆ ಗೊತ್ತಲ್ಲ?”

“ಗೊತ್ತು.”

“ಗೊತ್ತಿದ್ದೇ ಮಾಡ್ತಿದೀಯ. ಈ ಕ್ಲಬ್ಬು ಕಂಡ್ರೆ ನಿನಗೆ ಯಾವತ್ತೂ ಆಗಲ್ಲ. ಮುಚ್ಚಿಹೋದ್ರೆ ನಿನಗೆ ಭಾನುವಾರ ವಾಪಸ್ ಸಿಗುತ್ತೆ, ಅಷ್ಟೇ ತಾನೇ?”

ಈ ಮಾತು ಅವಳನ್ನು ಚುಚ್ಚಿತು, ಏಕೆಂದರೆ ನಾಲ್ಕು ದಿನದಿಂದ ಅವಳು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದದ್ದು ಇದನ್ನೇ. ಎಂಟು ತಿಂಗಳು ಶಪಿಸಿದ ಕ್ಲಬ್ಬು. ಒಂದು ಸಹಿ ಹಾಕದೆ ಬಿಟ್ಟರೆ ಮುಗಿಯುತ್ತದೆ. ಡಾಕ್ಟರಾಗಿ ಬೇಡ ಎನ್ನುತ್ತಿದ್ದೇನೆಯೋ, ಸಾಕಾಗಿಹೋದ ಹೆಂಗಸಾಗಿ ಬೇಡ ಎನ್ನುತ್ತಿದ್ದೇನೆಯೋ, ಬಿಡಿಸಿ ನೋಡಲು ಅವಳಿಗೆ ಆಗಿರಲಿಲ್ಲ. ಆದರೂ ಅವನ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು.

“ಆಗದೇ ಇದ್ದಿದ್ರೆ ಆ ಕ್ಷಣಾನೇ ನಿಮ್ಮನ್ನ ಹೊರಗೆ ಎಳ್ಕೊಂಡು ಬರ್ತಿದ್ದೆ,” ಎಂದಳು. “ಎಂಟು ನಿಮಿಷ ಬಿಟ್ಟೆ. ನಿಮಗೆ ಯಾವ ಊರಲ್ಲಿದೀನಿ ಅನ್ನೋದೇ ಗೊತ್ತಿಲ್ಲ, ಗೊತ್ತಿದ್ದೂ ನಾನು ಬಿಟ್ಟೆ. ನಿಮಗೇನಾದ್ರೂ ಆಗಿದ್ದಿದ್ರೆ ನಾನು ಯಾರಿಗೆ ಮುಖ ತೋರಿಸ್ತಿದ್ದೆ? ಇನ್ನೊಂದ್ಸಲ ಬಿಡಲ್ಲ.”

ಅವನು ಅವಳನ್ನು ನೋಡಿದ. ಪೆನ್ಸಿಲು ತೆಗೆದುಕೊಂಡು ತನ್ನ ಹೆಸರಿನ ಮೇಲೆ ಗೆರೆ ಎಳೆದ. ಶೈಲಜಾ ಹದಿನಾಲ್ಕು ಹೆಸರುಗಳ ಕೆಳಗೆ ಸಹಿ ಹಾಕಿದಳು. ಆ ರಾತ್ರಿಯ ಹುಳಿಗೆ ಉಪ್ಪು ಬಿದ್ದಿರಲಿಲ್ಲ, ಇಬ್ಬರೂ ಹೇಳಲಿಲ್ಲ.

ಶುಕ್ರವಾರವೆಲ್ಲ ಹದಿನೈದನೆಯವನಿಗಾಗಿ ಹುಡುಕಾಟ. ಹಳೆಯ ಕೋಚಿನ ಜೊತೆ ಹೋದವರಿಗೂ ಗುರುಪ್ರಸಾದ ಮಾನ ಬಿಟ್ಟು ಫೋನು ಮಾಡಿದ. ಪೋಸ್ಟಾಫೀಸಿನವನನ್ನು ಕೇಳಿದ, ಅವನಿಗೆ ಐವತ್ತೆಂಟು ವರ್ಷ. ಕೊನೆಗೆ ಅನಂತಪದ್ಮನಾಭನಿಗೆ ಮಾಡಿದ. ದೈವವಶಾತ್ ಈ ಸಲ ಅವನೇ ಎತ್ತಿದ.

“ಗುರು, ನನ್ನ ಕೈ ಇನ್ನೂ ತಲೆ ಬಾಚೋಕೆ ಏಳಲ್ಲ ಕಣಯ್ಯ,” ಎಂದ ಅನಂತಪದ್ಮನಾಭ. “ಸುಮ್ನೆ ನಿಂತ್ಕೊಂಡ್ರೆ ಸಾಕು ಅಂತೀಯ. ನಿನಗೂ ಯಾರೋ ಹಾಗೇ ಅಂದಿದ್ರಲ್ವಾ?”

ಗುರುಪ್ರಸಾದ ಫೋನು ಕೆಳಗಿಟ್ಟ.

ಶನಿವಾರ ಬಿಸಿಲು ಬಂದಿತ್ತು. ಆತಿಥೇಯರು ಪಂದ್ಯವಾದ ಮೇಲೆ ಎದುರಾಳಿಗಳಿಗೆ ಊಟ ಹಾಕಬೇಕೆಂಬುದು ಈ ಆಟದ ಸಂಪ್ರದಾಯ. ಕೊನೆಯ ಪಂದ್ಯವೆಂದು ಶೈಲಜಾ ಬೆಳಿಗ್ಗೆ ಐದಕ್ಕೆ ಎದ್ದು ನಲವತ್ತು ಜನಕ್ಕೆ ಬಿಸಿಬೇಳೆಬಾತು ಮಾಡಿ ವ್ಯಾನಿಗೆ ತುಂಬಿದ್ದಳು. ಹನ್ನೆರಡೂವರೆಗೆ ರೆಫರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಣಿಸಿದ. ಎಣಿಕೆ ಹದಿನಾಲ್ಕಕ್ಕೆ ನಿಂತಿತು. ಹುಡುಗರು ಗುರುಪ್ರಸಾದನ ಇಸ್ತ್ರಿ ಪ್ಯಾಂಟು ನೋಡಿದರು. ಬಳಿಕ ಎಲ್ಲ ಕಣ್ಣುಗಳೂ ಅವಳ ಕಡೆ ತಿರುಗಿದವು. ಡಾಕ್ಟರಮ್ಮ ಬಿಡಲಿಲ್ಲವಂತೆ ಎಂಬ ಮಾತಿಗೆ ಅವಳು ಬೆನ್ನು ಗಟ್ಟಿ ಮಾಡಿಕೊಂಡಳು.

ಆದರೆ ಗುರುಪ್ರಸಾದ ಮುಂದೆ ಬಂದು ತಾನೇ ಹೇಳಿದ. “ಹೋದ ವಾರ ನನಗೆ ತಲೆಗೆ ಪೆಟ್ಟು ಬಿದ್ದಿತ್ತು. ನೀವು ಕೂಗಿದ ಪದ ತಂತ್ರ ಅಲ್ಲ, ನಾನು ನಮ್ಮ ಮನೆ ಬೀಗದಕೈ ಕೇಳ್ತಿದ್ದೆ. ನಮ್ಮಪ್ಪ ಸತ್ತದ್ದೂ ನನಗೆ ನೆನಪಿರಲಿಲ್ಲ. ಆಡೋಕೆ ಆಗಲ್ಲ. ಕ್ಷಮಿಸಿ.”

ಯಾರೂ ನಗಲಿಲ್ಲ. ಹಾರ್ಲನ್ ತನ್ನ ದೊಡ್ಡ ಕೈಯನ್ನು ಅವನ ಕತ್ತಿನ ಹಿಂದೆ ಇಟ್ಟ.

ಹಾಗೆಂದು ಆಡದೆ ಯಾರೂ ಮನೆಗೆ ಹೋಗಲಿಲ್ಲ. ಕಡಿಮೆ ಬಿದ್ದವರಿಗೆ ಎದುರಾಳಿಗಳೇ ಒಬ್ಬನನ್ನು ಸಾಲ ಕೊಡುವ ಔದಾರ್ಯವೂ ಈ ಒರಟು ಆಟದಲ್ಲಿ ಇದೆ. ಅವರ ನಾಯಕ, ಕೆಂಪು ಗಡ್ಡದ ಪೊಲೀಸಿನವನು, ತನ್ನ ಒಬ್ಬ ಆಟಗಾರನಿಗೆ ಆಲ್ಡರ್ ಕ್ರೀಕ್‌ನ ಜೆರ್ಸಿ ಹಾಕಿಸಿದ. ಲೆಕ್ಕಕ್ಕಿಲ್ಲದ ಆ ಪಂದ್ಯವನ್ನು ಹುಡುಗರು ಜೀವ ಬಿಟ್ಟು ಆಡಿದರು, ಮೂವತ್ತೊಂದಕ್ಕೆ ಹದಿನಾರರಿಂದ ಸೋತರು. ಗುರುಪ್ರಸಾದ ಗೆರೆಯ ಮೇಲೆ ಬಾವುಟ ಹಿಡಿದು ಹಿಂದಕ್ಕೂ ಮುಂದಕ್ಕೂ ನಡೆದ.

ಊಟದ ಹೊತ್ತಿನಲ್ಲಿ ಕೆಂಪು ಗಡ್ಡದವನು ಎರಡನೇ ಸಲ ಬಾತು ಹಾಕಿಸಿಕೊಂಡು, ಮೂಗು ಒರೆಸಿಕೊಳ್ಳುತ್ತ ಬಂದು ಗುರುಪ್ರಸಾದನ ಪಕ್ಕ ಕುಳಿತ. ಫಲಿತಾಂಶದ ಫಾರಮ್ಮು ಮೇಜಿನ ಮೇಲಿಟ್ಟ. ನಾಯಕರಿಬ್ಬರೂ ಸಹಿ ಮಾಡಿ ಲೀಗಿಗೆ ಕಳಿಸಬೇಕಾದ ಕಾಗದ.

“ನಿಮ್ಮ ಸ್ವಂತ ಆಟಗಾರರು ಎಷ್ಟು ಜನ ಅನ್ನೋ ಜಾಗ ಖಾಲಿ ಬಿಟ್ಟಿದೀನಿ,” ಎಂದ. “ರೆಫರಿ ಬರೀ ಸ್ಕೋರು ಬರೀತಾನೆ, ನಾನು ಮಾತಾಡಿದೀನಿ. ಹೆಸರಿನ ಪಟ್ಟೀನ ಲೀಗಲ್ಲಿ ಯಾರೂ ಬಿಡಿಸಿ ನೋಡಲ್ಲ. ನೀನು ಹದಿನೈದು ಅಂತ ಬರೆದ್ರೆ ನನ್ನ ತಕರಾರಿಲ್ಲ. ಈ ಮೈದಾನ ಹೋಗೋದು ನಮಗ್ಯಾರಿಗೂ ಇಷ್ಟ ಇಲ್ಲ.”

ಶೈಲಜಾ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಗುರುಪ್ರಸಾದ ಪೆನ್ನು ಹಿಡಿದು ಅವಳನ್ನೇ ನೋಡುತ್ತಿದ್ದ. ಸುಳ್ಳಿಗೆ ಸಹಿ ಹಾಕುವುದಿಲ್ಲ ಎಂದವಳು ಅವಳು.

“ಬರೀರಿ,” ಎಂದಳು ಕನ್ನಡದಲ್ಲಿ. “ಇದರಿಂದ ಯಾರ ತಲೇನೂ ಒಡೆಯಲ್ಲ. ಬರೀರಿ ರೀ.”

ಅವನು ಬಗ್ಗಿ ಬರೆದ, ಸಹಿ ಮಾಡಿದ, ಕಾಗದವನ್ನು ತಿರುಗಿಸಿ ಪೊಲೀಸಿನವನ ಕಡೆ ತಳ್ಳಿದ. ಹದಿನಾಲ್ಕು ಎಂದಿತ್ತು. ಪೊಲೀಸಿನವನು ಓದಿ, ತಲೆಯಾಡಿಸಿ, ಜೇಬಿಗೆ ಹಾಕಿಕೊಂಡ.

ಮನೆಗೆ ಹೊರಟಾಗ ಅವಳೇ ವ್ಯಾನು ಓಡಿಸಿದಳು. ಹಿಂದೆ ಖಾಲಿ ಪಾತ್ರೆಗಳು ತಿರುವಿನಲ್ಲೆಲ್ಲ ಸದ್ದು ಮಾಡುತ್ತಿದ್ದವು. ಹುಲ್ಲು ಇನ್ನೂ ಹಸಿರಾಗಿದ್ದ ಗುಡ್ಡಗಳ ನಡುವೆ ಐದು ಮೈಲಿ ಕಳೆಯಿತು. ನನ್ನ ಮೇಲಿನ ಹಟಕ್ಕೆ ಬರೆದ, ನಾನು ಹಾಕದ ಸಹಿಗೆ ಪ್ರತಿಯಾಗಿ ಬರೆದ ಎಂದು ಅವಳಿಗೆ ಅನ್ನಿಸಿ ಅನ್ನಿಸಿ ಕೊನೆಗೆ ತಡೆಯಲಾಗಲಿಲ್ಲ.

“ನನಗೆ ಬುದ್ಧಿ ಕಲಿಸೋಕೆ ಹಾಗೆ ಮಾಡಿದ್ರಾ?”

“ಇಲ್ಲ ಶೈಲೂ,” ಎಂದ ಗುರುಪ್ರಸಾದ. ಕಪ್ಪು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. “ನಿಂಗೆ ಹೇಳೋಕೆ ನಾಚಿಕೆ. ರೆಫರಿ ಹದಿನಾಲ್ಕು ಅಂತ ನಿಲ್ಲಿಸಿದ್ನಲ್ಲ, ಆಗ ನನ್ನ ಮೈ ಹೇಗೆ ಹಗುರ ಆಯ್ತು ಅಂದ್ರೆ... ನಾಳೆ ಯಾರಿಗೂ ಫೋನ್ ಮಾಡೋ ಹಾಗಿಲ್ಲ. ಯಾರ ಹಸು ಈದ್ರೂ ನನಗೇನಾಗ್ಬೇಕು? ಎಷ್ಟು ದಿನದಿಂದ ಸುಸ್ತಾಗಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಹದಿನೈದು ಅಂತ ಬರೆಯೋಕೆ ಕೈ ಏಳ್ಲಿಲ್ಲ. ಹುಡುಗರಿಗೆ ಹೇಳ್ಬೇಡ.” ಒಂದು ಕ್ಷಣ ಬಿಟ್ಟು, ಅವಳನ್ನು ಸಮಾಧಾನ ಮಾಡುವವನಂತೆ ಹೇಳಿದ: “ನಿನಗೂ ಹಗುರ ಆಗಿರಬೇಕು, ಅಲ್ವಾ?”

ವ್ಯಾನು ನಿಧಾನವಾಯಿತು. ಅವಳು ಅದನ್ನು ರಸ್ತೆಯ ಪಕ್ಕದ ಕಲ್ಲುನೆಲಕ್ಕೆ ಇಳಿಸಿ ನಿಲ್ಲಿಸಿದಳು, ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಮದುವೆಯಾದಾಗಿನಿಂದ ಅವಳು ಹೀಗೆ ಅತ್ತದ್ದನ್ನು ಗುರುಪ್ರಸಾದ ಕಂಡಿರಲಿಲ್ಲ. ಅವನು ಗಾಬರಿಯಾಗಿ ಅವಳ ಭುಜ ಹಿಡಿದ.

“ಏನಾಯ್ತೇ? ನಿನಗೆ ಬೇಕಾಗಿದ್ದೂ ಇದೇ ಅಲ್ವಾ?”

“ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದಳು ಶೈಲಜಾ. ಸೆರಗಿಲ್ಲದ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡಳು. “ನನಗೆ ಇನ್ನೊಂದು ಸೀಸನ್ ಬೇಕಾಗಿತ್ತು ರೀ.”